ಹಳೆ ಕಾರಿನ ಹಿಸ್ಟರಿ ರಿಪೋರ್ಟನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದ ಒಬ್ಬರಿಂದ 2017ರ ಡೀಸೆಲ್ ಡಿಸೈರ್ ಕಾರೊಂದನ್ನು ಕೊಳ್ಳುವ ಯೋಚನೆಯಲ್ಲಿದ್ದೇನೆ. ಕೆಎ-16 ನೋಂದಣಿಯ ಗಾಡಿ. ಈಗಿನವರು ಎರಡನೇ ಮಾಲೀಕರು, 2019ರಲ್ಲಿ ಕೊಂಡವರು. ಮೀಟರ್ 61 ಸಾವಿರ ಕಿಲೋಮೀಟರ್ ತೋರಿಸುತ್ತಿದೆ. ಮಧ್ಯದಲ್ಲಿರುವ ಬ್ರೋಕರ್ ಯಾವುದೋ ಆ್ಯಪ್‌ನಿಂದ ತೆಗೆದ ಹಿಸ್ಟರಿ ರಿಪೋರ್ಟ್ ಕಳುಹಿಸಿ, "ಎಲ್ಲ ಕ್ಲೀನ್ ಇದೆ ಸರ್, ಇನ್ನೇನು ನೋಡೋದಿದೆ" ಎನ್ನುತ್ತಿದ್ದಾರೆ. ಅದರಲ್ಲಿ ನೋಂದಣಿ ದಿನಾಂಕ, ಮಾಲೀಕರ ಕ್ರಮಸಂಖ್ಯೆ, ವಿಮೆ ಮತ್ತು ಹೊಗೆ ತಪಾಸಣೆಯ ಅವಧಿ ಇವೆ. ಚಲನ್ ಬಾಕಿ ಇಲ್ಲ ಎಂದಿದೆ. ಕೊನೆಯಲ್ಲಿ "ಅಪಘಾತದ ದಾಖಲೆ ಕಂಡುಬಂದಿಲ್ಲ" ಎಂದು ಹಸಿರು ಅಕ್ಷರದಲ್ಲಿ ಬರೆದಿದೆ. ಆದರೆ ಸಾಲ ಕೊಟ್ಟವರ ಕಾಲಂನಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಉಳಿದಿದೆ. ಸಾಲ ತೀರಿ ವರ್ಷಗಳಾದವು ಎಂದು ಮಾರುವವರು ಹೇಳುತ್ತಾರೆ. ಕಂಪನಿ ಸರ್ವಿಸ್ ಸೆಂಟರಿನ ದಾಖಲೆ 2020ರ ಆರಂಭದಲ್ಲಿ, 47 ಸಾವಿರ ಕಿಲೋಮೀಟರಿಗೆ ನಿಂತುಹೋಗಿದೆ. ವಿಮಾ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ವಿಮಾ ಕಂತಿನಲ್ಲಿ ಸಿಗುವ ರಿಯಾಯಿತಿ) 25 ಶೇಕಡಾ ಎಂದಿದೆ. ಈ ರಿಪೋರ್ಟನ್ನು ನಂಬಿ ಮುಂಗಡ ಕೊಡಬಹುದೇ? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1 (ಚಿತ್ರದುರ್ಗ, ವಿಮಾ ಸರ್ವೇಯರ್)

ಸರ್, ಮುಂಗಡ ಕೊಡುವ ಮೊದಲು ಆ ರಿಪೋರ್ಟಿನ ಒಂದೊಂದು ಸಾಲನ್ನೂ "ಇದನ್ನು ಬರೆದುಕೊಂಡವರು ಯಾರು" ಎಂದು ಕೇಳಿಕೊಂಡು ಓದಿ. ನೋಂದಣಿ, ಮಾಲೀಕರ ಕ್ರಮಸಂಖ್ಯೆ, ವಿಮೆಯ ಅವಧಿ, ಸಾಲದ ನಮೂದು ಇವೆಲ್ಲ ಸಾರಿಗೆ ಇಲಾಖೆಯ ವಾಹನ್ ದತ್ತಾಂಶದಿಂದ ಬರುತ್ತವೆ. ಇವನ್ನು ಎಂ-ಪರಿವಾಹನ್ ಆ್ಯಪ್‌ನಲ್ಲಿ ನೀವೇ ನೋಡಬಹುದು, ಬ್ರೋಕರ್ ಕಳುಹಿಸಿದ ಪ್ರತಿಯನ್ನು ನೆಚ್ಚಿಕೊಳ್ಳಬೇಕಾಗಿಲ್ಲ. ಈ ಭಾಗವನ್ನು ಬಹುಮಟ್ಟಿಗೆ ನಂಬಬಹುದು, ಏಕೆಂದರೆ ಅದನ್ನು ಬರೆಯುವುದು ಒಂದು ಕಚೇರಿಯ ಕರ್ತವ್ಯ.

ಅಪಘಾತದ ಸಾಲು ಹಾಗಲ್ಲ. ಭರಮಸಾಗರದ ಹತ್ತಿರ ಹೆದ್ದಾರಿಯಲ್ಲಿ ಒಂದು ಕಾರು ಡಿವೈಡರಿಗೆ ಗುದ್ದಿತು ಎಂದುಕೊಳ್ಳಿ. ಕೇಸಾದರೆ ಎಫ್‌ಐಆರ್ ಠಾಣೆಯಲ್ಲಿರುತ್ತದೆ, ಕ್ಲೇಮ್ ಮಾಡಿದರೆ ಕಡತ ವಿಮಾ ಕಂಪನಿಯಲ್ಲಿರುತ್ತದೆ, ರಿಪೇರಿಯ ಬಿಲ್ಲು ಗ್ಯಾರೇಜಿನಲ್ಲಿರುತ್ತದೆ. ಈ ಮೂರನ್ನೂ ಒಂದೆಡೆ ಸೇರಿಸಿ ಕೊಳ್ಳುವವರ ಕೈಗೆ ಕೊಡುವ ವ್ಯವಸ್ಥೆ ನಮ್ಮಲ್ಲಿಲ್ಲ. ಮಾಲೀಕರು ಬೋನಸ್ ಉಳಿಸಿಕೊಳ್ಳಲು ಕೈಯಿಂದಲೇ ದುಡ್ಡು ಕೊಟ್ಟು ಟಿಂಕರಿಂಗ್ ಮಾಡಿಸಿದ್ದರಂತೂ ಯಾವ ಕಡತವೂ ಹುಟ್ಟುವುದಿಲ್ಲ. ಅಮೆರಿಕದಲ್ಲಿ 1984ರಲ್ಲಿ ಶುರುವಾದ ಕಾರ್‌ಫ್ಯಾಕ್ಸ್ ಎಂಬ ಸಂಸ್ಥೆ ಇಂತಹ ವರದಿಗಳನ್ನು ಕೊಡುತ್ತಾ ಬಂದಿದೆ. ವಿಮಾ ಕಂಪನಿ ಪೂರ್ಣ ನಷ್ಟವೆಂದು ತೀರ್ಮಾನಿಸಿದ ಗಾಡಿಯ ಒಡೆತನದ ಪತ್ರದ ಮೇಲೆಯೇ ಅಲ್ಲಿ ಸಾಮಾನ್ಯವಾಗಿ ಆ ಗುರುತು ಬೀಳುತ್ತದೆ. ನಮ್ಮ ಮೋಟಾರು ವಾಹನ ಕಾಯ್ದೆಯ 55ನೇ ಕಲಮು ಕೂಡ ನಾಶವಾದ ಗಾಡಿಯ ವಿಷಯವನ್ನು ಮಾಲೀಕರು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು ಎನ್ನುತ್ತದೆ. ಅವರು ತಿಳಿಸದಿದ್ದರೆ ಆರ್‌ಸಿ ಜೀವಂತವಾಗಿಯೇ ಇರುತ್ತದೆ, ಆ್ಯಪ್‌ನಲ್ಲಿ ಹಸಿರು ಅಕ್ಷರವೂ ಹಾಗೆಯೇ ಇರುತ್ತದೆ.

ಇಷ್ಟಾದರೂ ನಿಮ್ಮ ಕೈಯಲ್ಲಿ ಒಂದು ಒಳ್ಳೆಯ ಸುಳಿವಿದೆ, ಅದು ಆ 25 ಶೇಕಡಾ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ 20, ಸತತ ಎರಡು ವರ್ಷಕ್ಕೆ 25, ಆಮೇಲೆ 35, 45, ಐದು ವರ್ಷಕ್ಕೆ 50 ಎಂದು ಬೋನಸ್ ಏರುತ್ತದೆ. 2019ರಲ್ಲಿ ಕೊಂಡವರು ಸೊನ್ನೆಯಿಂದ ಶುರುಮಾಡಿದ್ದರೂ ಇಷ್ಟರಲ್ಲಿ 50 ಮುಟ್ಟಿರಬೇಕಿತ್ತು. 25ರಲ್ಲಿ ನಿಂತಿದೆ ಎಂದರೆ ಕ್ಲೇಮ್ ಇಲ್ಲದ ಆ ಎರಡು ವರ್ಷಕ್ಕೂ ಹಿಂದೆ ಒಂದು ಕ್ಲೇಮ್ ಆಗಿರಬೇಕು, ಇಲ್ಲವೇ ಪಾಲಿಸಿ ಮುಗಿದು 90 ದಿನ ದಾಟಿದ ಮೇಲೆ ನವೀಕರಿಸಿರಬೇಕು, ಅಥವಾ ಮಧ್ಯೆ ಕೆಲವು ವರ್ಷ ಬರೀ ಥರ್ಡ್ ಪಾರ್ಟಿ ವಿಮೆ ಇದ್ದಿರಬೇಕು. ಮೂರರಲ್ಲಿ ಯಾವುದು ಎಂದು ಮಾರುವವರನ್ನೇ ಕೇಳಿ. ಹಿಂದಿನ ಪಾಲಿಸಿಗಳ ಪ್ರತಿ ತೋರಿಸಲಿ, ಕ್ಲೇಮ್ ಆಗಿದ್ದರೆ ವಿಮಾ ಕಂಪನಿಯಿಂದ ಅದರ ವಿವರವನ್ನು ಅವರೇ ತರಿಸಿಕೊಡಲಿ. ಕ್ಲೇಮ್ ಆಗಿದೆ ಎಂಬ ಕಾರಣಕ್ಕೆ ಗಾಡಿಯನ್ನು ಬಿಡಬೇಡಿ. ಕಂಪನಿ ಗ್ಯಾರೇಜಿನಲ್ಲಿ ಸರ್ವೇಯರ್ ಕಣ್ಣೆದುರು ರಿಪೇರಿಯಾಗಿ ಬಿಲ್ಲು ಇರುವ ಗಾಡಿ, ದಾಖಲೆಯೇ ಇಲ್ಲದ ಗಾಡಿಗಿಂತ ಎಷ್ಟೋ ಮೇಲು.

ಉತ್ತರ 2 (ಹದಡಿ ರಸ್ತೆ, ದಾವಣಗೆರೆ, ಗ್ಯಾರೇಜ್)

ಮೇಲಿನವರು ಕಾಗದದ ವಿಷಯ ಚೆನ್ನಾಗಿ ಹೇಳಿದ್ದಾರೆ. ನಾನು ಕಿಲೋಮೀಟರಿನ ಬಗ್ಗೆ ಹೇಳುತ್ತೇನೆ. ಮೊದಲ ಮೂರು ವರ್ಷದಲ್ಲಿ 47 ಸಾವಿರ ಓಡಿದ ಡೀಸೆಲ್ ಗಾಡಿ, ಆಮೇಲಿನ ಇಷ್ಟೂ ವರ್ಷಗಳಲ್ಲಿ ಕೇವಲ 14 ಸಾವಿರ ಓಡಿದೆ ಎಂಬುದು ಅಸಾಧ್ಯವಲ್ಲ, ಕೊರೊನಾ ಕಾಲದಲ್ಲಿ ನಿಂತೇ ಇದ್ದ ಗಾಡಿಗಳನ್ನೂ ನಾವು ನೋಡಿದ್ದೇವೆ. ಆದರೂ ಸರ್ವಿಸ್ ದಾಖಲೆ ನಿಂತ ಜಾಗದಿಂದಲೇ ಓಟವೂ ಕಡಿಮೆಯಾಗಿದ್ದರೆ ಮೀಟರನ್ನು ಅನುಮಾನದಿಂದ ನೋಡಲೇಬೇಕು. ಹೊರಗಿನ ಗ್ಯಾರೇಜಿನಲ್ಲಿ ಆಯಿಲ್ ಬದಲಿಸಿದ್ದರೆ ಆ ಬಿಲ್ಲುಗಳಲ್ಲಿ ಕಿಲೋಮೀಟರ್ ಬರೆದಿರುತ್ತದೆ, ಅವನ್ನು ಕೇಳಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತಿರುತ್ತದೆ; 1423 ಎಂದಿದ್ದರೆ ಅದು 2023ರ 14ನೇ ವಾರದಲ್ಲಿ ತಯಾರಾದ ಟೈರು. ಈಗ ಹಾಕಿರುವುದು ಎಷ್ಟನೇ ಸೆಟ್ ಎಂದು ಕೇಳಿ, ಸ್ಟೆಪ್ನಿಯ ಗುರುತನ್ನೂ ನೋಡಿ. ಮೂರನೇ ಸೆಟ್ ಟೈರಿನ ಮೇಲೆ ಓಡುತ್ತಿರುವ ಕಾರಿಗೆ 61 ಸಾವಿರ ಹೊಂದುವುದಿಲ್ಲ. ಕ್ಲಚ್ ಪೆಡಲಿನ ರಬ್ಬರ್ ಸವೆದು ನುಣುಪಾಗಿದೆಯೇ, ಡ್ರೈವರ್ ಸೀಟಿನ ಬಲಗಡೆಯ ಅಂಚು ಕುಸಿದಿದೆಯೇ ಎಂಬುದನ್ನು ಯಾರೂ ನೋಡಬಹುದು. ಕೆಲವು ಗಾಡಿಗಳಲ್ಲಿ ಓಡಿದ ದೂರ ಮೀಟರಿನಲ್ಲಷ್ಟೇ ಅಲ್ಲದೆ ಬೇರೆ ಕಂಟ್ರೋಲ್ ಯೂನಿಟ್‌ಗಳಲ್ಲೂ ದಾಖಲಾಗಿರುತ್ತದೆ, ಆದ್ದರಿಂದ ಸ್ಕ್ಯಾನರ್ ಹಾಕಿಸುವುದು ಒಳ್ಳೆಯದು.

ಇನ್ನು ಬಾನೆಟ್ ಎತ್ತಿ ಎರಡೂ ಕಡೆಯ ಫೆಂಡರ್ ಬೋಲ್ಟುಗಳನ್ನು ನೋಡಿ. ಕಂಪನಿಯಲ್ಲಿ ಬೋಲ್ಟು ಬಿಗಿದ ಮೇಲೆ ಬಣ್ಣ ಹೊಡೆದಿರುತ್ತಾರೆ, ಆದ್ದರಿಂದ ಅದರ ಮೂಲೆಗಳಲ್ಲಿ ಬಣ್ಣ ಒಡೆದಿದ್ದರೆ ಸ್ಪ್ಯಾನರ್ ಬಿದ್ದಿದೆ ಎಂದೇ ಅರ್ಥ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡುವುದನ್ನೂ ಮರೆಯಬೇಡಿ. ನೀರಿನಲ್ಲಿ ಮುಳುಗಿದ್ದ ಗಾಡಿಯಾದರೆ ಒಳಗೆ ಸುತ್ತಿಕೊಂಡಿರುವ ಭಾಗದಲ್ಲಿ ಕೆಸರಿನ ಗೆರೆ ಕಾಣುತ್ತದೆ. ಮೇಲೆ ಎಷ್ಟು ತೊಳೆದರೂ ಅಲ್ಲಿಗೆ ಕೈ ಹೋಗಿರುವುದಿಲ್ಲ.

ಉತ್ತರ 3 (ಭರಮಸಾಗರ)

ಒಂದು ಚಿಕ್ಕ ಸೇರ್ಪಡೆ. 2021ರ ಫೆಬ್ರವರಿಯಿಂದ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಗಿದೆ. ಮಾರುವವರು ತಮ್ಮ ಫಾಸ್ಟ್ಯಾಗ್ ಖಾತೆಯ ಸ್ಟೇಟ್‌ಮೆಂಟನ್ನು, ಎಷ್ಟು ಹಿಂದಿನದು ಸಿಗುತ್ತದೋ ಅಷ್ಟು, ತೋರಿಸಲಿ. ಗಾಡಿ ಊರೊಳಗೇ ಓಡಿದೆ ಎಂದು ಹೇಳಿ, ಸ್ಟೇಟ್‌ಮೆಂಟಿನಲ್ಲಿ ಹೆದ್ದಾರಿಯ ಹೆಬ್ಬಾಳು ಮತ್ತು ಗುಯಿಲಾಳು ಟೋಲುಗಳು ವಾರವಾರವೂ ಕಾಣಿಸಿದರೆ, ಮೀಟರಿನ ಲೆಕ್ಕ ನಿಮಗೇ ಗೊತ್ತಾಗುತ್ತದೆ.

ಉತ್ತರ 4 (ದಾವಣಗೆರೆ, ವಕೀಲರು)

"ಎರಡನೇ ಮಾಲೀಕರು" ಎಂಬ ನಮೂದಿನ ಬಗ್ಗೆ ಯಾರೂ ಹೇಳಲಿಲ್ಲ. ರಿಪೋರ್ಟು ತೋರಿಸುವುದು ಆರ್‌ಸಿಯಲ್ಲಿ ಹೆಸರು ಬದಲಾದದ್ದನ್ನು ಮಾತ್ರ. ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕಿಸಿಕೊಂಡು, ಕೊಳ್ಳುವವರ ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಗಾಡಿ ಕೈಯಿಂದ ಕೈಗೆ ಹೋಗುವುದು ನಮ್ಮ ಕಡೆ ಸಾಮಾನ್ಯ. ಹಾಗೆ ನಾಲ್ಕು ಕೈ ದಾಟಿದ ಗಾಡಿಯೂ ದಾಖಲೆಯಲ್ಲಿ ಎರಡನೆಯವರದ್ದೇ ಆಗಿರುತ್ತದೆ. ಆದ್ದರಿಂದ ಆರ್‌ಸಿಯಲ್ಲಿರುವ ವ್ಯಕ್ತಿಯನ್ನೇ ಭೇಟಿಯಾಗಿ, ಆಧಾರ್ ಜೊತೆ ಹೆಸರನ್ನು ಹೋಲಿಸಿ, ಚೆಸ್ಸಿ ಮತ್ತು ಎಂಜಿನ್ ನಂಬರುಗಳನ್ನು ಗಾಡಿಯ ಮೇಲಿನ ಪಂಚಿಂಗ್ ಜೊತೆ ತಾಳೆ ನೋಡಿ. ಚಿತ್ರದುರ್ಗದ ಆರ್‌ಟಿಒ ಕಚೇರಿಯಿಂದ ಬಿ-ಎಕ್ಸ್‌ಟ್ರಾಕ್ಟ್ (ಗಾಡಿಯ ನೋಂದಣಿ ದಾಖಲೆಯ ಅಧಿಕೃತ ಪ್ರತಿ) ತೆಗೆಸಿದರೆ ಆ್ಯಪ್‌ಗಿಂತ ಗಟ್ಟಿಯಾದ ದಾಖಲೆ ಕೈಯಲ್ಲಿರುತ್ತದೆ. ಮಧ್ಯದವರು ತಾವೇ ಡೀಲರ್ ಎಂದರೆ, 2023ರ ಏಪ್ರಿಲ್ 1ರಿಂದ ಹಳೆ ಗಾಡಿಗಳ ಡೀಲರುಗಳಿಗೆ ಸಾರಿಗೆ ಪ್ರಾಧಿಕಾರದ ಅಧಿಕೃತ ಪ್ರಮಾಣಪತ್ರ ಬೇಕು, ಅದನ್ನು ಕೇಳಿ.

ಬ್ಯಾಂಕಿನ ಹೆಸರು ಇನ್ನೂ ಉಳಿದಿರುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಾಲ ತೀರಿದ್ದರೆ ಬ್ಯಾಂಕು ಎನ್‌ಒಸಿ ಮತ್ತು 35ನೇ ನಮೂನೆ ಕೊಟ್ಟಿರುತ್ತದೆ. ಅವನ್ನು ಆರ್‌ಟಿಒಗೆ ಸಲ್ಲಿಸಿ ಎಚ್‌ಪಿ (ಆರ್‌ಸಿಯಲ್ಲಿರುವ ಸಾಲದ ನಮೂದು) ಕ್ಯಾನ್ಸಲ್ ಮಾಡಿಸುವುದು ಮಾರುವವರ ಕೆಲಸ, ಅದು ಮುಗಿಯುವ ಮೊದಲು ಪೂರ್ತಿ ಹಣ ಕೊಡಬಾರದು. ಮಾರಾಟವನ್ನು 14 ದಿನಗಳೊಳಗೆ ಅವರೂ 30 ದಿನಗಳೊಳಗೆ ನೀವೂ ಆರ್‌ಟಿಒಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 50ನೇ ಕಲಮು ಹೇಳುತ್ತದೆ. ತಡ ಮಾಡಿದರೆ ತೊಂದರೆ ಅವರಿಗೇ ಹೆಚ್ಚು ಎಂಬುದನ್ನು ಅವರಿಗೆ ತಿಳಿಸಿಹೇಳಿ: ಹಲವು ಕೈ ಬದಲಾಗಿದ್ದ ಕಾರೊಂದರ ಅಪಘಾತದ ಪರಿಹಾರಕ್ಕೆ ಆರ್‌ಸಿಯಲ್ಲಿ ಹೆಸರಿದ್ದವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಬೋನಸ್ ವಿಷಯ ಕೇಳಿದಾಗ ಮಾರುವವರು ಮುಂಭಾಗಕ್ಕೆ ಪೆಟ್ಟಾಗಿ ಕ್ಲೇಮ್ ಮಾಡಿದ್ದು ನಿಜ ಎಂದು ಒಪ್ಪಿಕೊಂಡು, ರೇಡಿಯೇಟರ್, ಬಂಪರ್, ಬಾನೆಟ್ ಬದಲಿಸಿದ ಬಿಲ್ಲಿನ ಫೋಟೋ ಕಳುಹಿಸಿದರು. ಆ ಬಿಲ್ಲಿನ ಮೇಲೆ ಕಿಲೋಮೀಟರ್ 58,400 ಎಂದಿದೆ, ಹಾಗಾಗಿ ಮೀಟರಿನ ಬಗ್ಗೆ ಇದ್ದ ಅನುಮಾನ ಕಡಿಮೆಯಾಯಿತು. ಎಚ್‌ಪಿ ಕ್ಯಾನ್ಸಲ್ ಆಗುವವರೆಗೆ ಕಾಯುತ್ತೇನೆ ಎಂದಿದ್ದೇನೆ. ಈಗಿರುವ ವಿಮೆ ನನ್ನ ಹೆಸರಿಗೆ ತಾನಾಗಿಯೇ ಬರುತ್ತದೆಯೇ?

ಉತ್ತರ 1ರವರಿಂದ

ಥರ್ಡ್ ಪಾರ್ಟಿ ಭಾಗ ಕಾನೂನಿನ ಪ್ರಕಾರ ಗಾಡಿಯ ಜೊತೆಯೇ ಬರುತ್ತದೆ. ನಿಮ್ಮ ಗಾಡಿಗೆ ಆಗುವ ನಷ್ಟದ ಭಾಗ ಹಾಗೆ ಬರುವುದಿಲ್ಲ, ಮಾರಾಟವಾದ 14 ದಿನಗಳೊಳಗೆ ನೀವು ವಿಮಾ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಾಯಿಸಿಕೊಳ್ಳಬೇಕು. ಆ 25 ಶೇಕಡಾ ಬೋನಸ್ ಅವರದ್ದು, ಅವರಲ್ಲೇ ಉಳಿಯುತ್ತದೆ. ವರ್ಗಾವಣೆಯ ಹೊತ್ತಿಗೆ ಅದರ ವ್ಯತ್ಯಾಸದ ಹಣವನ್ನು ನಿಮ್ಮಿಂದ ಕೇಳುತ್ತಾರೆ, ಆದ್ದರಿಂದ ಬೆಲೆ ಮಾತಾಡುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿಯಿರಿ.