ಪಿಎಚ್ 7ಕ್ಕೆ ತಂದರೆ ಪ್ರತಿಬಂಧಕ ವಲಯ ಕುಗ್ಗುವುದೇಕೆ?

ಪ್ರಶ್ನೆ: ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್ ಬ್ಯಾಕ್ಟೀರಿಯಾ ಬೆಳೆಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಅಗರ್ ಗುಳಿಗೆ ಹಾಕಿದರೆ ಮೈಕ್ರೋಕಾಕಸ್ ಲೂಟಿಯಸ್ (ಪರೀಕ್ಷಾ ಬ್ಯಾಕ್ಟೀರಿಯಾ) ತಟ್ಟೆಯಲ್ಲಿ ಅದು ಬೆಳೆಯದ ದೊಡ್ಡ ವಲಯ ಬರುತ್ತದೆ. ತಿಳಿಯನ್ನು ಪಿಎಚ್ 7ಕ್ಕೆ ತಂದರೆ ಕುಗ್ಗುತ್ತದೆ. ಇ. ಕೋಲಿ ಮೇಲೆ ಏನೂ ಕಾಣುವುದಿಲ್ಲ. ಇದು ನೈಸಿನ್ (ಲ್ಯಾಕ್ಟೋಕಾಕಸ್ ತಯಾರಿಸುವ, ಇತರ ಬ್ಯಾಕ್ಟೀರಿಯಾ ಕೊಲ್ಲುವ ಪೆಪ್ಟೈಡ್, ಅಂದರೆ ಚಿಕ್ಕ ಪ್ರೋಟೀನ್) ಹೌದೇ?

ಉತ್ತರ 1: ಇಷ್ಟರಿಂದಲೇ ಹೇಳಲಾಗದು. ಲ್ಯಾಕ್ಟಿಕ್ ಆಮ್ಲವೂ ವಲಯ ಕೊಡುತ್ತದೆ. ಹೊಸ ಮಾಧ್ಯಮಕ್ಕೆ ಅದೇ ಆಮ್ಲ ಸೇರಿಸಿ, ಪಿಎಚ್ ಸಮ ಮಾಡಿ, ಪಕ್ಕದ ಗುಳಿಗೆ ಹಾಕಿ. ಹೈಡ್ರೋಜನ್ ಪೆರಾಕ್ಸೈಡ್ ಅನುಮಾನಕ್ಕೆ ಅದನ್ನು ಒಡೆಯುವ ಕ್ಯಾಟಲೇಸ್ ಕಿಣ್ವ ಹಾಕಿ. ಪೆಪ್ಟೈಡ್ ಎಂದು ಖಚಿತಪಡಿಸಲು ಅದನ್ನು ಕತ್ತರಿಸುವ ಕಿಣ್ವ ಆಲ್ಫಾ-ಕೈಮೋಟ್ರಿಪ್ಸಿನ್ ಬಳಸಿ. ಟ್ರಿಪ್ಸಿನ್ ನಂಬಬೇಡಿ, ನೈಸಿನ್ ಅದನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಕಿಣ್ವ ಮಾತ್ರ ಹಾಕಿದ ಗುಳಿಯೂ ಇರಲೇಬೇಕು.

ಉತ್ತರ 2: ವಲಯ ಕುಗ್ಗಿತೆಂದು ನೈಸಿನ್ ಇಲ್ಲ ಎನ್ನಬೇಡಿ. ಪಿಎಚ್ 6ರ ಆಸುಪಾಸಿನಲ್ಲಿ ಅದು ಉತ್ಪಾದಕ ಕೋಶಗಳಿಗೇ ಅಂಟಿಕೊಂಡು, ಅವುಗಳ ಜತೆ ತಳಕ್ಕಿಳಿಯುತ್ತದೆ. ಸೆಂಟ್ರಿಫ್ಯೂಜ್‌ಗೆ ಮೊದಲೇ ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ 2–3ಕ್ಕೆ ಇಳಿಸಿ ಕಲಕಿ, ಕೋಶಗಳು ನೈಸಿನನ್ನು ಬಿಟ್ಟುಕೊಡುತ್ತವೆ. ಪರೀಕ್ಷೆಗೆ ಪಿಎಚ್ 5.5–6 ಸಾಕು. ನೈಟ್ರೋಸೆಲ್ಯುಲೋಸ್ ಫಿಲ್ಟರ್ ಬೇಡ, ಪೆಪ್ಟೈಡನ್ನು ಹೀರಿಬಿಡುತ್ತದೆ. ಇನ್‌ಕ್ಯುಬೇಟರ್‌ಗಿಡುವ ಮುನ್ನ ತಟ್ಟೆಯನ್ನು 4 ಡಿಗ್ರಿಯಲ್ಲಿ ಕೆಲ ಗಂಟೆ ಇಟ್ಟರೆ ಹರಡಲು ಸಮಯ ಸಿಗುತ್ತದೆ.

ಉತ್ತರ 3: ಇ. ಕೋಲಿ ವಿಷಯ ಸಹಜವೇ. ನೈಸಿನ್ 34 ಅಮೈನೋ ಆಮ್ಲಗಳ ಪೆಪ್ಟೈಡ್. ಲಿಪಿಡ್ II (ಕೋಶಭಿತ್ತಿ ಕಟ್ಟಲು ಬೇಕಾದ ಅಣು) ಹಿಡಿದು ಪೊರೆಯಲ್ಲಿ ರಂಧ್ರ ಮಾಡುತ್ತದೆ. ಇ. ಕೋಲಿಯಂಥ ಗ್ರಾಮ್ ಋಣಾತ್ಮಕ ಬ್ಯಾಕ್ಟೀರಿಯಾಗಳ ಹೊರಪೊರೆ ದಾಟಲು ಅದಕ್ಕೆ ಆಗುವುದಿಲ್ಲ. ಇಡಿಟಿಎ (ಲೋಹದ ಅಯಾನುಗಳನ್ನು ಹಿಡಿಯುವ ರಾಸಾಯನಿಕ) ಬೆರೆಸಿದರೆ ದಾರಿ ತೆರೆಯುತ್ತದೆ, ಆದರೆ ಇಡಿಟಿಎ ತಾನೇ ಬೆಳವಣಿಗೆ ತಡೆಯಬಲ್ಲದು, ಅದಕ್ಕೂ ಪ್ರತ್ಯೇಕ ಗುಳಿ ಬೇಕು. ಇ. ಕೋಲಿಯೇ ಗುರಿಯಾದರೆ ಇ. ಕೋಲಿ ಬಳಗವೇ ತಯಾರಿಸುವ ಕೋಲಿಸಿನ್ ಅಥವಾ ಮೈಕ್ರೋಸಿನ್ ನೋಡಿ. ಅವು ಹೊರಪೊರೆಯ ಗ್ರಾಹಕಗಳ ಮೂಲಕವೇ ಒಳನುಗ್ಗುತ್ತವೆ. ಆ ಗ್ರಾಹಕ ಕಳೆದುಕೊಂಡ ರೂಪಾಂತರಿಗಳು ಮಾತ್ರ ಬೇಗ ತಲೆಯೆತ್ತುತ್ತವೆ.