24ರ ವಯಸ್ಸಿನ ನಿಮಗೆ ಈಗ ಒಂದು ಮಾತು ಹೇಳಬಹುದಾದರೆ, ಮನೆಯವರ ವಿಷಯದಲ್ಲಿ ಏನು ಹೇಳುತ್ತೀರಿ?

ತಿಪಟೂರು ಹುಡುಗ:

ನನಗೆ 24. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಎರಡು ವರ್ಷ ಆಯಿತು. ಊರು ತಿಪಟೂರು ಹತ್ತಿರ, ತೆಂಗಿನ ತೋಟ ಇದೆ. ಮೊದಲು ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದೆ. ಈಗ ಯುಗಾದಿ, ಗೌರಿ ಹಬ್ಬ, ದೀಪಾವಳಿ, ಅಷ್ಟೇ. ಹೋದರೂ ಊಟ, ನಿದ್ದೆ, ಮೊಬೈಲು. ಅಪ್ಪ "ಕೆಲಸ ಹೆಂಗಿದೆ" ಅಂತಾರೆ, ನಾನು "ಚೆನ್ನಾಗಿದೆ" ಅಂತೀನಿ. ಅಲ್ಲಿಗೆ ಮಾತು ಮುಗಿಯಿತು. ಕಳೆದ ಸಲ ಅಪ್ಪ ಅಟ್ಟದ ಏಣಿ ಹತ್ತುವಾಗ ಮಧ್ಯದಲ್ಲಿ ನಿಂತು ಉಸಿರು ತೆಗೆದುಕೊಂಡರು. ಅದನ್ನು ನೋಡಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ದೊಡ್ಡವರು ಯಾರಾದರೂ ಹೇಳಿ. ನನ್ನ ವಯಸ್ಸಿನಲ್ಲಿದ್ದ ನಿಮಗೆ ನೀವೇ ಏನು ಹೇಳುತ್ತಿದ್ದಿರಿ?

ಬಂಗಾರಪೇಟೆ ಅಕ್ಕ:

ಬೆಂಗಳೂರಿಗೆ 11 ವರ್ಷ ದಿನಾ ರೈಲಿನಲ್ಲಿ ಓಡಾಡಿದವಳು ನಾನು. ಅವರೆಕಾಯಿ ಕಾಲ ಬಂದರೆ ಅಮ್ಮ ಮತ್ತು ನನ್ನ ಮಗಳು ಸಂಜೆ ಜಗಲಿ ಮೇಲೆ ಕೂತು ನೆನೆಸಿದ ಕಾಳು ಹಿದುಕುತ್ತಿದ್ದರು. ನಾನು ರೈಲಿಳಿದು ಬರುವಷ್ಟರಲ್ಲಿ ಹಿದಕಿದ ಬೇಳೆ ಸಾರು ಆಗಿರುತ್ತಿತ್ತು. ಬಿಸಿ ಬಿಸಿ ಬಡಿಸುತ್ತಿದ್ದರು. ಈಗ ಅಮ್ಮ ಇಲ್ಲ. ಮಗಳು ಅಜ್ಜಿ ಹೇಳಿದ ಕತೆಗಳನ್ನು ನನಗೆ ಹೇಳುತ್ತಾಳೆ. ಒಂದೂ ನಾನು ಕೇಳಿದ್ದಲ್ಲ. ರಜೆ ಹಾಕು ತಮ್ಮಾ.

ಶಿಡ್ಲಘಟ್ಟದ ರೇಷ್ಮೆ ಮನೆಯವನು:

ನನಗೆ ಈಗ 48. ಶಿಡ್ಲಘಟ್ಟದ ಹತ್ತಿರದ ಹಳ್ಳಿ. ಅಕ್ಕನ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

24ರ ನನಗೆ ನಾನು ಹೇಳೋದು ಇಷ್ಟೇ. ಹಬ್ಬಕ್ಕೆ ಹೋಗೋದು ತಪ್ಪಿದರೆ ತಪ್ಪಲಿ, ಹುಳ ಹಣ್ಣಾಗುವ ರಾತ್ರಿ ಮನೆಯಲ್ಲಿರು.

ರೇಷ್ಮೆ ಗೊತ್ತಿಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಹುಳಕ್ಕೆ ನಾಲ್ಕು ಜ್ವರ. ಅಂದರೆ ನಾಲ್ಕು ಸಲ ಹಿಪ್ಪುನೇರಳೆ ಸೊಪ್ಪು ತಿನ್ನೋದು ಬಿಟ್ಟು, ಅಲ್ಲಾಡದೆ ಕೂತು, ಪೊರೆ ಕಳಚುತ್ತದೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಒಂದು ವಾರ ಎಷ್ಟು ಸೊಪ್ಪು ಹಾಕಿದರೂ ಸಾಲದು. ಆಮೇಲೆ ಹಣ್ಣಾಗುತ್ತದೆ. ಮೇಯೋದು ನಿಲ್ಲಿಸಿ ತಲೆ ಎತ್ತಿ ಆಡಿಸುತ್ತದೆ. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ, ಅಂದರೆ ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡಬೇಕು. ತಡ ಮಾಡಿದರೆ ಸೊಪ್ಪಿನ ನಡುವೆಯೇ ನೂಲು ಬಿಟ್ಟು ಗೂಡು ಹಾಳು. ಹಾಗಾಗಿ ಆ ರಾತ್ರಿ ಯಾರೂ ಮಲಗುವ ಹಾಗಿಲ್ಲ. ಅಜ್ಜಿ, ಅತ್ತೆ, ಪಕ್ಕದ ಮನೆಯವರು, ಎಲ್ಲರೂ ಹುಳದ ತಟ್ಟೆ ಮುಂದೆ.

ಅಪ್ಪ ಎದುರಿಗೆ ಕೂರಿಸಿಕೊಂಡು ಮಾತಾಡಿದವರಲ್ಲ. ಆ ರಾತ್ರಿ ಮಾತ್ರ ಕೈ ಓಡುತ್ತಿದ್ದ ಹಾಗೆ ಮಾತೂ ಬರುತ್ತಿತ್ತು. ಒಂದು ಹುಳವನ್ನು ಬಲ್ಬಿಗೆ ಹಿಡಿದು ತೋರಿಸುತ್ತಿದ್ದರು. ಹಣ್ಣಾದ ಹುಳದ ಮೈಯೊಳಗೆ ಬೆಳಕು ಹಾದು ಜೇನಿನ ಹಾಗೆ ಕಾಣುತ್ತದೆ. ತಾತ ಮಾಡಿದ್ದ ಸಾಲ, ಅಪ್ಪ ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದು, ಅಮ್ಮನನ್ನು ನೋಡಲು ಹೋದಾಗ ಎರವಲು ಚಪ್ಪಲಿ ಮೆಟ್ಟಿದ್ದು, ಎಲ್ಲ ನನಗೆ ಗೊತ್ತಾಗಿದ್ದು ಆ ಬಲ್ಬಿನ ಕೆಳಗೆ.

ಬೆಂಗಳೂರು ಸೇರಿದ ಮೇಲೆ ಊರಲ್ಲಿ ರಾತ್ರಿ ಉಳಿಯುವುದನ್ನೇ ಬಿಟ್ಟೆ. ಹುಳ ಇರುವ ಮನೆಯಲ್ಲಿ ಸೊಳ್ಳೆ ಬತ್ತಿ ಹಚ್ಚುವ ಹಾಗಿಲ್ಲ, ಹುಳ ಸಾಯುತ್ತವೆ. ಅದೇ ನನಗೆ ನೆಪ. "ಸೊಳ್ಳೆ ಜಾಸ್ತಿ, ನಿದ್ದೆ ಬರಲ್ಲ" ಅಂತ ಸಂಜೆ ಬಸ್ ಹತ್ತುತ್ತಿದ್ದೆ. ಒಂದು ಸಲ ಅಪ್ಪ ಫೋನ್ ಮಾಡಿ "ನಾಳೆ ನಾಡಿದ್ದರಲ್ಲಿ ಹಣ್ಣಾಗುತ್ತೆ" ಅಂದರು. ಬಾ ಅನ್ನಲಿಲ್ಲ. ನಾನು "ಕೂಲಿಯವರನ್ನು ಕರೆಸಿ, ದುಡ್ಡು ಕಳಿಸುತ್ತೇನೆ" ಅಂದೆ. ಕೂಲಿಯವರು ಅಪ್ಪನಿಗೆ ಊರಲ್ಲೇ ಸಿಗುತ್ತಿದ್ದರು. ಅದಕ್ಕೆ ನನಗೆ ಫೋನ್ ಮಾಡಬೇಕಿತ್ತಾ? ಇದು ಅರ್ಥವಾಗಲು ನನಗೆ ಎಷ್ಟೋ ವರ್ಷ ಬೇಕಾಯಿತು.

ಆಮೇಲೆ ಬೋರ್ ಬತ್ತಿತು. 2007ರಲ್ಲಿ ನಮ್ಮ ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆ ಆಯಿತಲ್ಲ, ಅದೇ ವರ್ಷ ಅಪ್ಪ ಹುಳ ನಿಲ್ಲಿಸಿದರು. ಚಂದ್ರಿಕೆಗಳನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟರು. 2011ರಲ್ಲಿ ಅಪ್ಪ ಹೋದರು. ನನ್ನ ಹತ್ತಿರ ಹಬ್ಬದ ಫೋಟೋಗಳಿವೆ. ಎಲ್ಲದರಲ್ಲೂ ಇಸ್ತ್ರಿ ಶರ್ಟ್ ಹಾಕಿ ನೆಟ್ಟಗೆ ನಿಂತಿದ್ದಾರೆ. ಹುಳ ಹಿಡಿದ ಆ ಕೈಯದು ಒಂದು ಫೋಟೋ ಇಲ್ಲ.

ತಮ್ಮಾ, ನಿಮ್ಮಲ್ಲಿ ಹುಳ ಇಲ್ಲ, ಕೊಬ್ಬರಿ ಇದೆ. ಒಣಗಿ ಕೊಬ್ಬರಿಯಾಗಲಿ ಅಂತ ಅಟ್ಟಕ್ಕೆ ಹಾಕಿದ ಕಾಯಿ ಇಳಿಸೋದು ಯಾವಾಗ ಅಂತ ಅಪ್ಪನನ್ನು ಕೇಳು.

ತಿಪಟೂರು ಹುಡುಗ:

ಅಣ್ಣಾ, ರಾತ್ರಿಯೇ ಕೇಳಿದೆ. ಬರೋ ಶನಿವಾರವಂತೆ. "ನೀನ್ಯಾಕೋ ಬರ್ತೀಯ, ಆಳಿಗೆ ಹೇಳಿದ್ದೀನಿ" ಅಂದರು. ಆದರೆ ಫೋನ್ ಇಡಲಿಲ್ಲ. ಹೋದ ವರ್ಷ ಹಾಕಿದ ಕಾಯಿ, ಅಲ್ಲಾಡಿಸಿದರೆ ಗಡಗಡ ಅಂತಿದೆ, ಕೊಬ್ಬರಿ ಚಿಪ್ಪಿನಿಂದ ಚೆನ್ನಾಗಿ ಬಿಟ್ಟಿದೆ, ಆದರೆ ಈ ಸಲ ಇಲಿ ಕಾಟ ಅಂತ ಹತ್ತು ನಿಮಿಷ ಹೇಳಿದರು. ಅಪ್ಪ ನನ್ನ ಜೊತೆ ಫೋನಿನಲ್ಲಿ ಇಷ್ಟು ಹೊತ್ತು ಮಾತಾಡಿದ್ದು ನೆನಪೇ ಇಲ್ಲ.

ಶಿಡ್ಲಘಟ್ಟದ ರೇಷ್ಮೆ ಮನೆಯವನು:

ಶುಕ್ರವಾರ ರಾತ್ರಿಯೇ ಹೋಗು. ಹಳೇ ಬಟ್ಟೆ ಇಟ್ಟುಕೋ. ಏಣಿ ನೀನು ಹತ್ತು, ಅಪ್ಪ ಕೆಳಗೆ ನಿಂತು ಕಾಯಿ ಎಣಿಸಲಿ.