‘ನಿರೋಧಕ’ ಯಾರ ಪರ? ಗಿಡಮೂಲಿಕೆ ಪರೀಕ್ಷೆಯ ಕೆಲವು ಪದಗಳು

ಬಲ್ಲವರಲ್ಲಿ ಒಂದು ಕೇಳಿಕೆ. ಕಪ್ಪತಗುಡ್ಡದ ಸುತ್ತಲಿನ ಊರುಗಳ ನಾಟಿ ವೈದ್ಯರಿಗಾಗಿ ಒಂದು ಕಿರುಪುಸ್ತಕ ಸಿದ್ಧಪಡಿಸುತ್ತಿದ್ದೇನೆ. ಅವರು ಹುಣ್ಣಿಗೆ, ಕಜ್ಜಿಗೆ, ಹುಳುಕಡ್ಡಿಗೆ ಬಳಸುವ ಗಿಡಗಳಲ್ಲಿ ರೋಗಾಣುಗಳನ್ನು ತಡೆಯುವ ಸಂಯುಕ್ತಗಳಿವೆಯೇ ಎಂದು ಪ್ರಯೋಗಾಲಯದಲ್ಲಿ ಹೇಗೆ ನೋಡುತ್ತಾರೆ, ಬಂದ ಫಲಿತಾಂಶವನ್ನು ಹೇಗೆ ಓದಿಕೊಳ್ಳಬೇಕು ಎಂಬುದು ಅದರ ವಿಷಯ. ಗಿಡಗಳ ಹೆಸರಿಗೆ ತೊಂದರೆಯಿಲ್ಲ. ತುಂಬೆ, ಉತ್ತರಾಣಿ, ಲಕ್ಕಿ, ಅಮೃತಬಳ್ಳಿ, ಆಡುಸೋಗೆ ಎಂದರೆ ಮುಂಡರಗಿಯಿಂದ ಶಿರಹಟ್ಟಿಯವರೆಗೆ ಯಾರಿಗೂ ವಿವರಣೆ ಬೇಡ. ತೊಡಕಿರುವುದು ಪರೀಕ್ಷೆಯ ಪದಗಳಲ್ಲಿ, ಅದರಲ್ಲೂ ‘ನಿರೋಧಕ’ ಎಂಬ ಪದದಲ್ಲಿ.

‘ಆ್ಯಂಟಿಮೈಕ್ರೋಬಿಯಲ್’ ಎಂಬುದಕ್ಕೆ ಪತ್ರಿಕೆಗಳು ‘ಸೂಕ್ಷ್ಮಜೀವಿ ನಿರೋಧಕ’ ಎಂದು ಬರೆಯುತ್ತವೆ. ರೋಗಾಣುಗಳು ಔಷಧಕ್ಕೆ ಮಣಿಯದಿರುವುದನ್ನು ಅವೇ ಪತ್ರಿಕೆಗಳು ‘ಪ್ರತಿಜೀವಕ ನಿರೋಧಕತೆ’ ಎನ್ನುತ್ತವೆ (ಪ್ರತಿಜೀವಕ ಎಂದರೆ ಆ್ಯಂಟಿಬಯಾಟಿಕ್). ಮೊದಲನೆಯದರಲ್ಲಿ ತಡೆಯುವುದು ಔಷಧ, ಎರಡನೆಯದರಲ್ಲಿ ತಡೆದುಕೊಳ್ಳುವುದು ರೋಗಾಣು. ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳಹೊರಟರೆ ‘ಸೂಕ್ಷ್ಮಜೀವಿ ನಿರೋಧಕ ನಿರೋಧಕತೆ’ ಎಂಬ ವಿಚಿತ್ರ ಸೃಷ್ಟಿಯಾಗುತ್ತದೆ. ಇದನ್ನು ಡೋಣಿಯಲ್ಲೋ ಡಂಬಳದಲ್ಲೋ ಯಾರ ಮುಂದೆ ಓದಲಿ?

ಈ ಪದ ಮೊದಲಿನಿಂದಲೂ ಎರಡು ದೋಣಿಯಲ್ಲಿ ಕಾಲಿಟ್ಟಿದೆ. ಗರ್ಭನಿರೋಧಕ, ಸೊಳ್ಳೆ ನಿರೋಧಕ ಎನ್ನುವಾಗ ತಡೆಯುವ ಅರ್ಥ. ಬರ ನಿರೋಧಕ ತಳಿ, ರೋಗ ನಿರೋಧಕ ತಳಿ ಎನ್ನುವಾಗ ತಾಳಿಕೊಳ್ಳುವ ಅರ್ಥ. ಧಾರವಾಡದ ಕೃಷಿ ಮೇಳಕ್ಕೆ ಹೋಗಿಬರುವ ರೈತನ ಕಿವಿಗೆ ಈ ಎರಡನೆಯ ಅರ್ಥವೇ ಹೆಚ್ಚು ಪರಿಚಿತ. ಅವನ ಕೈಗೆ ‘ತುಂಬೆ ಸೂಕ್ಷ್ಮಜೀವಿ ನಿರೋಧಕ ಗಿಡ’ ಎಂಬ ಸಾಲು ಕೊಟ್ಟರೆ, ತುಂಬೆಗೆ ರೋಗ ಬೀಳುವುದಿಲ್ಲ ಎಂದೇ ಅವನು ಓದುತ್ತಾನೆ. ಅವನ ಓದು ಸರಿಯಾಗಿಯೇ ಇದೆ, ಬರೆದವರದು ಇಬ್ಬಂದಿ. ಇನ್ನು ಪರೀಕ್ಷೆಯ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ಉಳಿಯುವ ಜಾಗಕ್ಕೆ ‘ನಿರೋಧ ವಲಯ’ ಎಂದು ಬರೆದರೆ, ಸರ್ಕಾರದ ಕುಟುಂಬ ಯೋಜನೆಯ ಜಾಹೀರಾತು ನೋಡಿ ಬೆಳೆದ ತಲೆಮಾರಿನವರು ಮುಸಿಮುಸಿ ನಗುತ್ತಾರೆ. ಅದನ್ನಂತೂ ಬಿಟ್ಟೇ ಬಿಡುವುದು ಲೇಸು.

‘ಪ್ರತಿಜೀವಕ ನಿರೋಧಕ ಶಕ್ತಿ ಹೆಚ್ಚುತ್ತಿದೆ’ ಎಂಬ ತಲೆಬರಹ ಇನ್ನೂ ಕೆಟ್ಟದ್ದು. ಕೊರೊನಾ ಕಾಲದಲ್ಲಿ ‘ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಿ’ ಎಂದು ಕೇಳಿ ಕೇಳಿ ಸವೆದ ಕಿವಿಗೆ ಇದು ಸಿಹಿಸುದ್ದಿಯಾಗಿ ಕೇಳಿಸುತ್ತದೆ. ಶಕ್ತಿ ಹೆಚ್ಚಿದ್ದು ರೋಗಾಣುವಿಗೆ ಎಂಬ ಸುಳಿವೇ ಆ ಸಾಲಿನಲ್ಲಿಲ್ಲ.

ಈಗ ಪರೀಕ್ಷೆಯ ವಿಚಾರ. ತಟ್ಟೆಯೊಂದರಲ್ಲಿ ಸುಮಾರು 4 ಮಿಲಿಮೀಟರ್ ದಪ್ಪಕ್ಕೆ ಅಗರ್ (ಬ್ಯಾಕ್ಟೀರಿಯಾ ಬೆಳೆಸಲು ಬಳಸುವ, ಹೆಪ್ಪುಗಟ್ಟಿದ ಲೋಳೆಯಂಥ ಪದಾರ್ಥ) ಹಾಕಿ, ಅದರ ಮೈಮೇಲೆಲ್ಲ ಬ್ಯಾಕ್ಟೀರಿಯಾ ಹಚ್ಚುತ್ತಾರೆ. ಗಿಡದ ಸಾರದಲ್ಲಿ ಅದ್ದಿದ 6 ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆಯನ್ನು ಮೇಲಿಟ್ಟು, 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವಿನಲ್ಲಿ ಒಂದು ರಾತ್ರಿ ಬಿಡುತ್ತಾರೆ. ಸಾರದಲ್ಲಿ ಗುಣವಿದ್ದರೆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಒಂದು ದುಂಡನೆಯ ಜಾಗ ಉಳಿಯುತ್ತದೆ. ಸಾರವನ್ನು ಕರಗಿಸಿದ ದ್ರಾವಕವನ್ನಷ್ಟೇ ಹೀರಿಸಿದ ಬಿಲ್ಲೆಯೊಂದು, ಗೊತ್ತಿರುವ ಔಷಧದ ಬಿಲ್ಲೆಯೊಂದು ಹೋಲಿಕೆಗೆ ಇರಲೇಬೇಕು. ಆ ದುಂಡು ಜಾಗಕ್ಕೆ ‘ತಡೆವಲಯ’ ಎಂದಿದ್ದೇನೆ. ಇದಕ್ಕೆ ಆಕ್ಷೇಪವಿರಲಾರದು.

ಆಕ್ಷೇಪ ಬರಬೇಕಾದದ್ದು ‘ನಾಶಕ’ಕ್ಕೆ. ತಡೆವಲಯ ಕಂಡ ಕೂಡಲೇ ‘ಲಕ್ಕಿ ಎಲೆಯಲ್ಲಿ ಸೂಕ್ಷ್ಮಾಣುನಾಶಕ ಗುಣ ಪತ್ತೆ’ ಎಂದು ಬರೆಯುವ ಚಾಳಿ ಇದೆ. ಆ ತಟ್ಟೆ ಹೇಳುವುದು ಬೆಳವಣಿಗೆ ನಿಂತಿತು ಎಂದಷ್ಟೇ. ಸತ್ತವೋ, ಬೆಳೆಯದೆ ಸುಮ್ಮನಿವೆಯೋ ಎಂದು ತಿಳಿಯಲು ಬೇರೆ ಪರೀಕ್ಷೆ ಮಾಡಬೇಕು: ಸಾರ ಬೆರೆಸಿದ ದ್ರವದಲ್ಲಿ ಬೆಳವಣಿಗೆ ನಿಂತ ಮೇಲೆ ಅದರ ಹನಿಯನ್ನು ತೆಗೆದು ಸಾರವಿಲ್ಲದ ಹೊಸ ಅಗರಿನ ಮೇಲೆ ಹಚ್ಚಿ, ಮತ್ತೆ ಚಿಗುರುತ್ತವೆಯೇ ಎಂದು ನೋಡಬೇಕು. ಹಾಗಾಗಿ ‘ತಡೆ’ ಮತ್ತು ‘ನಾಶ’ ಎರಡನ್ನೂ ಬೇರೆಬೇರೆಯಾಗಿ ಉಳಿಸಿಕೊಳ್ಳಬೇಕು ಎಂಬುದು ನನ್ನ ಹಟ. ವಲಯ ದೊಡ್ಡದಿದ್ದರೆ ಔಷಧ ಜೋರು ಎಂಬ ಮಾತೂ ನಿಲ್ಲುವುದಿಲ್ಲ. ಅರಿಶಿನದ ಕರ್ಕ್ಯುಮಿನ್ ನೀರಿನಲ್ಲಿ ಸರಿಯಾಗಿ ಕರಗದು, ಅಗರಿನಲ್ಲಿ ಹರಡದು. ಅದರ ವಲಯ ಚಿಕ್ಕದಾದರೆ ಅದು ದುರ್ಬಲ ಎಂದೇನೂ ಅಲ್ಲ. ಅದಕ್ಕೇ ಸಾರವನ್ನು ಹಂತಹಂತವಾಗಿ ತೆಳುಗೊಳಿಸಿ, ಎಷ್ಟು ಕಡಿಮೆ ಪ್ರಮಾಣದಲ್ಲೂ ಬೆಳವಣಿಗೆ ನಿಲ್ಲುತ್ತದೆ ಎಂದು ಅಳೆಯುತ್ತಾರೆ. ಇದಕ್ಕೆ ‘ಕನಿಷ್ಠ ತಡೆಮಟ್ಟ’ ಸಾಕಲ್ಲವೇ?

‘ಕ್ರಿಮಿನಾಶಕ’ ಎಂದು ಬರೆದರೆ ಆಯಿತು ಎಂದು ಗೆಳೆಯರೊಬ್ಬರು ಸೂಚಿಸಿದರು. ಹಾವೇರಿ ಜಿಲ್ಲೆಯಲ್ಲಿ ಕ್ರಿಮಿನಾಶಕ ಎಂದರೆ ಮೆಣಸಿನಕಾಯಿಗೆ, ಹತ್ತಿಗೆ ಹೊಡೆಯುವ ಎಣ್ಣೆ. ಬ್ಯಾಡಗಿಯ ಕಡೆಯವರು ಉತ್ತರಾಣಿಯ ರಸವನ್ನು ಪಂಪಿಗೆ ತುಂಬಿಕೊಂಡು ಹೊರಟರೆ ಹೊಣೆ ಯಾರು?

‘ಪ್ರತಿಜೀವಕ’ವನ್ನು ಗಿಡದ ಸಂಯುಕ್ತಕ್ಕೆ ಹಚ್ಚುವುದೂ ನನಗೆ ಒಗ್ಗದು. 1940ರ ದಶಕದಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಸೆಲ್ಮನ್ ವಾಕ್ಸ್‌ಮನ್ ‘ಆ್ಯಂಟಿಬಯಾಟಿಕ್’ ಎಂಬ ಮಾತಿಗೆ ಕೊಟ್ಟ ಅರ್ಥ, ಒಂದು ಸೂಕ್ಷ್ಮಜೀವಿ ತಯಾರಿಸುವ, ಮತ್ತೊಂದು ಸೂಕ್ಷ್ಮಜೀವಿಯನ್ನು ತಡೆಯುವ ವಸ್ತು ಎಂದು. ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್ ಅದಕ್ಕೆ ಹೊಂದುತ್ತವೆ, ತುಳಸಿಯ ಎಣ್ಣೆ ಹೊಂದುವುದಿಲ್ಲ. ‘ನಂಜುನಿರೋಧಕ’ ಆ್ಯಂಟಿಸೆಪ್ಟಿಕ್‌ಗೆ ಆಗಲೇ ಮೀಸಲಾಗಿದೆ. ಅಲ್ಲದೆ ನಂಜು ಎಂಬುದರ ಹರವು ದೊಡ್ಡದು. ನಂಜುಂಡನ ನಂಜು ವಿಷ, ಗಾಯ ನಂಜಾಯಿತು ಎಂಬಲ್ಲಿ ಕೀವು, ಬದನೆಕಾಯಿ ನಂಜು ಎಂಬಲ್ಲಿ ಪಥ್ಯ. ಇಷ್ಟು ಸೊಗಸಾದ ಪದವನ್ನು ಬಳಸದೆ ಬಿಡುವುದು ಸಂಕಟವೇ, ಆದರೆ ಅಳತೆಯ ಮಾತು ಬರುವ ಕಡೆ ಅದು ಬೇಡ. ಹುಳುಕಡ್ಡಿಯಲ್ಲಿ ಹುಳವೂ ಇಲ್ಲ, ಕಡ್ಡಿಯೂ ಇಲ್ಲ, ಇರುವುದು ಶಿಲೀಂಧ್ರ. ಅದಕ್ಕೆ ತಿಕ್ಕುವ ಸೀಮೆ ಅಗಸೆಯೂ ಹೆಸರೇ ಹೇಳುವಂತೆ ಹೊರಗಿನದು, ಅಮೆರಿಕ ಖಂಡದಿಂದ ಬಂದದ್ದು. ‘ಪಾರಂಪರಿಕ’ ಎಂಬ ಪದಕ್ಕೂ ಎಂದಾದರೂ ಒಂದು ಚರ್ಚೆ ಬೇಕು, ಇವತ್ತು ಬೇಡ.

ಮುಖ್ಯ ಕೇಳಿಕೆ ಔಷಧಕ್ಕೆ ಮಣಿಯದ ರೋಗಾಣುವಿನದು. ‘ಜಗ್ಗದ’ ಎಂದು ಬರೆಯೋಣವೆಂದರೆ, ಧಾರವಾಡದ ಕಡೆ ಜಗ್ಗು ಎಂದರೆ ಎಳೆ. ಹಗ್ಗ ಜಗ್ಗುವವರ ನೆನಪಾಗುತ್ತದೆ. ‘ಸೊಪ್ಪು ಹಾಕದ’ ಎನ್ನಬಹುದು, ಆದರೆ ಸೊಪ್ಪಿನ ಔಷಧದ ಪುಸ್ತಕದಲ್ಲಿ ‘ಸೊಪ್ಪಿಗೆ ಸೊಪ್ಪು ಹಾಕದ ರೋಗಾಣು’ ಎಂದರೆ ನಗೆಬರಹವಾದೀತು. ‘ಔಷಧ ನಾಟುತ್ತಿಲ್ಲ’ ಎಂಬ ಆಡುಮಾತು ನನಗೆ ತುಂಬ ಇಷ್ಟ. ಅದರ ಕೊರತೆ ಒಂದೇ: ‘ಅವನಿಗೆ ಔಷಧ ನಾಟುತ್ತಿಲ್ಲ’ ಎನ್ನುವಾಗ ದೋಷ ರೋಗಿಯ ಮೈಯದು ಎಂಬ ಭಾವ ಬರುತ್ತದೆ. ಮೈಗೆ ಮಾತ್ರೆ ರೂಢಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಜನ ತಿಳಿಯುತ್ತಾರೆ. ಬದಲಾಗಿರುವುದು ಮೈಯೊಳಗಿನ ಬ್ಯಾಕ್ಟೀರಿಯಾ, ಆ ಬ್ಯಾಕ್ಟೀರಿಯಾ ಪಕ್ಕದವನಿಗೆ ದಾಟಿದರೆ ಒಂದು ಮಾತ್ರೆಯನ್ನೂ ನುಂಗದ ಅವನಲ್ಲೂ ಔಷಧ ಸೋಲುತ್ತದೆ. ಆದ್ದರಿಂದ ಪದದೊಳಗೆ ರೋಗಾಣು ಕರ್ತೃವಾಗಿ ನಿಲ್ಲಬೇಕು. ‘ಔಷಧಕ್ಕೆ ಮಣಿಯದ ರೋಗಾಣು’ ಎಂದು ಸದ್ಯಕ್ಕೆ ಬರೆದಿದ್ದೇನೆ. ಗುಣವಾಚಕವಾಗಿ ಇದು ಸರಿ, ಭಾವನಾಮ ಬೇಕಾದಾಗ ‘ಮಣಿಯದಿರುವಿಕೆ’ ಎಂದು ಉದ್ದವಾಗುತ್ತದೆ. ‘ಪ್ರತಿರೋಧ’ ಚಿಕ್ಕದು, ರೂಢಿಯಲ್ಲೂ ಇದೆ. ನಿರೋಧಕ್ಕೆ ತೀರ ಹತ್ತಿರದ ನೆಂಟ ಎಂಬುದೇ ಹೆದರಿಕೆ.

ಪದ ಸಿಗದ ಇನ್ನೊಂದು ಸಂಗತಿ ಇದೆ. ಆಯುರ್ವೇದದ ದಾರುಹರಿದ್ರಾ ಸೇರಿರುವ ಬರ್ಬೆರಿಸ್ ಕುಲದ ಗಿಡಗಳಲ್ಲಿ ಬರ್ಬೆರಿನ್ ಎಂಬ ಹಳದಿ ಸಂಯುಕ್ತವಿದೆ. ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಅದನ್ನು ತನ್ನ ಪೊರೆಯಲ್ಲಿರುವ ಪ್ರೋಟೀನಿನ ಮೂಲಕ ಹೊರಕ್ಕೆ ನೂಕುತ್ತದೆ. ಅದೇ ಕುಲದ ಗಿಡಗಳು ಆ ನೂಕುವ ಪ್ರೋಟೀನನ್ನು ಕಟ್ಟಿಹಾಕುವ ಬೇರೊಂದು ಸಂಯುಕ್ತವನ್ನೂ ತಯಾರಿಸುತ್ತವೆ ಎಂದು ಅಮೆರಿಕದ ಸಂಶೋಧಕರು 2000ದಲ್ಲಿ ತೋರಿಸಿದರು. ಆ ಎರಡನೆಯದು ಒಂಟಿಯಾಗಿ ಬ್ಯಾಕ್ಟೀರಿಯಾವನ್ನು ತಡೆಯುವುದೂ ಇಲ್ಲ, ಕೊಲ್ಲುವುದೂ ಇಲ್ಲ. ಬರ್ಬೆರಿನ್ ಜೊತೆಗಿದ್ದರೆ ಮಾತ್ರ ಅದರ ಕೆಲಸ. ಸಾರವನ್ನು ಬಿಡಿಬಿಡಿಯಾಗಿ ಬೇರ್ಪಡಿಸುತ್ತ ಹೋದಾಗ ಗುಣವೇ ಮಾಯವಾಗುವುದಕ್ಕೆ ಇಂಥದ್ದೂ ಒಂದು ಕಾರಣ. ಇದಕ್ಕೆ ‘ಒತ್ತಾಸೆ ಸಂಯುಕ್ತ’ ಎಂದು ಬರೆದಿದ್ದೇನೆ. ಒತ್ತಾಸೆಯಾಗಿ ನಿಲ್ಲುವುದು ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ‘ಸಹವರ್ಧಕ’ದಂಥ ಪದ ಯಾರಾದರೂ ಮುಂದಿಟ್ಟರೆ ನಾನು ಜಗಳಕ್ಕೆ ಸಿದ್ಧ.

ಇನ್ನೊಂದು ಮಾತ್ರ ಎಚ್ಚರದ್ದು. ಕರಡಿನಲ್ಲಿ ಒಬ್ಬರು ‘ಮೆಥನಾಲ್ ಕಷಾಯ’ ಎಂದು ತಿದ್ದಿದ್ದರು. ಕಷಾಯ ಎಂದರೆ ಕುಡಿಯುವುದು, ಮೆಥನಾಲ್ ಕುಡಿದರೆ ಕಣ್ಣು ಹೋಗುತ್ತದೆ, ಜೀವವೂ ಹೋಗಬಹುದು. ನೀರಿನಲ್ಲಿ ಇಳಿಯುವ ಸಂಯುಕ್ತಗಳೇ ಬೇರೆ, ಮೆಥನಾಲಿನಲ್ಲಿ ಇಳಿಯುವವೇ ಬೇರೆಯಾದ್ದರಿಂದ ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಹಚ್ಚುವಂತೆಯೂ ಇಲ್ಲ. ‘ಸಾರ’ ಎಂದು ಮರಳಿ ತಿದ್ದಿದ್ದೇನೆ, ಪಕ್ಕದಲ್ಲಿ ‘ಕುಡಿಯಲು ಅಲ್ಲ’ ಎಂಬ ಸಾಲನ್ನೂ ಸೇರಿಸಿದ್ದೇನೆ.

ಕೇಳುವುದು ಇಷ್ಟು. ‘ಔಷಧ ನಾಟುವುದು’ ಎಂಬ ಬಳಕೆ ನಿಮ್ಮ ಊರಿನಲ್ಲಿ ದನಕರುಗಳ ವಿಷಯಕ್ಕೂ, ಹೊಲದ ಹುಳಗಳ ವಿಷಯಕ್ಕೂ ಇದೆಯೇ? ಎಣ್ಣೆ ಹೊಡೆದರೂ ಸಾಯದ ಹುಳಕ್ಕೆ ರಾಣೆಬೆನ್ನೂರು, ಹಾನಗಲ್, ರೋಣದ ಕಡೆ ರೈತರು ಏನೆನ್ನುತ್ತಾರೆ? ಮಣಿಯದಿರುವಿಕೆಗಿಂತ ಗಿಡ್ಡನೆಯ ಒಂದು ನಾಮಪದ ಅಲ್ಲೇ ಎಲ್ಲೋ ಇರಬೇಕು. ಪದದ ಜೊತೆಗೆ ಅದು ಬಳಕೆಯಾಗುವ ಒಂದು ಪೂರ್ತಿ ವಾಕ್ಯವನ್ನೂ, ಊರಿನ ಹೆಸರನ್ನೂ ಬರೆದರೆ ಉಪಕಾರವಾಗುತ್ತದೆ.